ಕಚೇರಿ ಕೆಲಸಕ್ಕೆ ದಾರಿ ತೋರಿಸುವ ನಾಲೆಡ್ಜ್ ಸಿಸ್ಟಂ: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕಿ ಗಿರಣಿ, ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿ, ಬಟ್ಟೆಯ ಸಗಟು ವ್ಯಾಪಾರ, ಪತ್ತಿನ ಸಹಕಾರ ಸಂಘ, ಕಾಲೇಜಿನ ಆಫೀಸು. ದಾವಣಗೆರೆಯ ಇಂಥ ಕಡೆ ಕೂತು ಕೆಲಸ ಮಾಡುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸಣ್ಣ ಕಚೇರಿಗಳಿಗೆ ಇಂಥ ಸಿಸ್ಟಂ ಕಟ್ಟಿಕೊಡುವುದು ನನ್ನ ಕೆಲಸ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು. ಆದರೆ ಅಕ್ಕಿ ಚೀಲದ ಉದಾಹರಣೆಯನ್ನು ಬಿಡಬೇಡಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಇದು ಏನು ಅಂತ ಮೊದಲು ಹೇಳಿ.

ನಿಮ್ಮ ಕಚೇರಿಯಲ್ಲಿ ಒಂದು ಕೆಲಸ ಹೇಗೆ ನಡೆಯಬೇಕು ಅನ್ನುವ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದಿಟ್ಟುಕೊಂಡು, ಕೆಲಸ ಮಾಡುವವರಿಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಮುಂದಿನ ಹೆಜ್ಜೆ ತೋರಿಸುವ ಸಾಫ್ಟ್‌ವೇರ್. ಇದರಲ್ಲಿ ಎರಡು ಭಾಗ. ಒಂದು, ನಿಯಮಗಳ ಕಣಜ. ಅದನ್ನು ನಾಲೆಡ್ಜ್ ಬೇಸ್ ಅನ್ನುತ್ತಾರೆ. ಇನ್ನೊಂದು, ಈಗ ಯಾವ ನಿಯಮ ಅನ್ವಯ ಆಗುತ್ತದೆ ಅಂತ ಹುಡುಕಿ ತೆಗೆಯುವ ಎಂಜಿನ್. ಎರಡೂ ಬೇರೆ ಬೇರೆ ಇರುವುದರಿಂದಲೇ ಅನುಕೂಲ. ನಿಯಮ ಬದಲಾದಾಗ ಸಾಫ್ಟ್‌ವೇರನ್ನೇ ಬಿಚ್ಚಿ ಕೂರಬೇಕಾಗಿಲ್ಲ, ಆ ಒಂದು ಸಾಲು ತಿದ್ದಿದರೆ ಆಯಿತು.

ಟ್ಯಾಲಿ ಇದೆ, ಎಕ್ಸೆಲ್ ಇದೆ. ಇನ್ನೊಂದು ಯಾಕೆ?

ಟ್ಯಾಲಿ ನೀವು ಹಾಕಿದ್ದನ್ನು ಲೆಕ್ಕ ಇಡುತ್ತದೆ. ಏನು ಹಾಕಬೇಕು, ಯಾವ ಕಾಗದ ನೋಡಿ ಹಾಕಬೇಕು, ಯಾರ ಸಹಿ ಆದ ಮೇಲೆ ಹಾಕಬೇಕು ಅನ್ನುವ ತೀರ್ಮಾನ ಕೂತವರದ್ದೇ. ಆ ತೀರ್ಮಾನದ ಜಾಗದಲ್ಲಿ ನಮ್ಮ ಸಿಸ್ಟಂ ಬರುತ್ತದೆ. ಟ್ಯಾಲಿ ಇದ್ದಲ್ಲೇ ಇರುತ್ತದೆ.

ಇದು ಈಗ ಬಂದ ಎಐ ಥರದ್ದಾ?

ಇಲ್ಲ, ಇದಕ್ಕೆ ಅರವತ್ತು ವರ್ಷದ ಇತಿಹಾಸ ಇದೆ. 1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಫೈಗನ್‌ಬಾಮ್ ಮತ್ತು ಜೊತೆಗಾರರು ಡೆಂಡ್ರಲ್ ಅನ್ನುವ ಪ್ರೋಗ್ರಾಂ ಶುರು ಮಾಡಿದರು. ರಸಾಯನಶಾಸ್ತ್ರಜ್ಞರ ತಿಳಿವಳಿಕೆಯನ್ನು ನಿಯಮವಾಗಿ ಬರೆದು ಅಣುಗಳ ರಚನೆ ಕಂಡುಹಿಡಿಯುವ ಪ್ರಯತ್ನ ಅದು. 1970ರ ದಶಕದಲ್ಲಿ ಅಲ್ಲೇ ಮೈಸಿನ್ ಬಂತು. ರಕ್ತದ ಸೋಂಕಿಗೆ ಯಾವ ಆಂಟಿಬಯೋಟಿಕ್ ಕೊಡಬೇಕು ಅಂತ ವೈದ್ಯರಿಗೆ ಸಲಹೆ ಕೊಡುತ್ತಿತ್ತು.

ಮೈಸಿನ್‌ನ ಒಂದು ಗುಣ ನನಗೆ ತುಂಬಾ ಮುಖ್ಯ. ಅದು ಏನಾದರೂ ಪ್ರಶ್ನೆ ಕೇಳಿದಾಗ ವೈದ್ಯರು "ಯಾಕೆ?" ಅಂತ ಟೈಪ್ ಮಾಡಬಹುದಿತ್ತು. ಕೂಡಲೇ ತಾನು ಯಾವ ನಿಯಮದ ಮೇಲೆ ಆ ಪ್ರಶ್ನೆ ಕೇಳುತ್ತಿದ್ದೇನೆ ಅಂತ ತೋರಿಸುತ್ತಿತ್ತು. ಪರೀಕ್ಷೆಗಳಲ್ಲಿ ಒಳ್ಳೆಯ ಫಲಿತಾಂಶ ಬಂದರೂ ಮೈಸಿನ್ ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬರಲಿಲ್ಲ. ಆದರೆ ಆ "ಯಾಕೆ" ಉಳಿದುಕೊಂಡಿತು.

ಕಚೇರಿ ಕೆಲಸಕ್ಕೆ ಹತ್ತಿರದ್ದು ಎಕ್ಸ್‌ಕಾನ್. ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮ್ಯಾಕ್‌ಡರ್ಮಟ್ 1978ರಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. 1980ರಿಂದ ಬಳಕೆಗೆ ಬಂತು. ಗ್ರಾಹಕರ ಆರ್ಡರ್ ನೋಡಿ ಯಾವ ಬಿಡಿಭಾಗ ಬಿಟ್ಟುಹೋಗಿದೆ, ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಪರಿಶೀಲಿಸುವುದು ಅದರ ಕೆಲಸ. ನಮ್ಮ ಗಿರಣಿಯಲ್ಲಿ ಬಿಲ್ ಹೊರಡುವ ಮೊದಲು ಹಿರಿಯರು ಒಮ್ಮೆ ಕಣ್ಣಾಡಿಸುತ್ತಾರಲ್ವಾ, ಅದೇ ಕೆಲಸ.

ಒಂದು ಉದಾಹರಣೆ ಕೊಟ್ಟು ಹೇಳಿ.

ಹೇಳುತ್ತೇನೆ. ಅಕ್ಕಿ ಗಿರಣಿಯ ಬಿಲ್ಲಿಂಗ್ ಟೇಬಲ್ ತಗೊಳ್ಳಿ. ಭದ್ರಾ ಅಚ್ಚುಕಟ್ಟಿನ ಭತ್ತ ಬಂದು ಅಕ್ಕಿಯಾಗಿ ಹೊರಗೆ ಹೋಗುವ ಜಾಗ. ಸುಗ್ಗಿಯಲ್ಲಿ ಲಾರಿ ಮೇಲೆ ಲಾರಿ. ಹೊಸದಾಗಿ ಸೇರಿದ ಹುಡುಗಿ ಬಿಲ್ ಹಾಕಬೇಕು. ಅಕ್ಕಿಗೆ ಜಿಎಸ್‌ಟಿ ಇದೆಯೋ ಇಲ್ಲವೋ?

ನೇರ ಉತ್ತರ ಇಲ್ಲ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿವರೆಗಿನ ಅಕ್ಕಿಗೆ 5% ತೆರಿಗೆ. 25 ಕೆಜಿಗಿಂತ ಜಾಸ್ತಿ ಇರುವ ಚೀಲಕ್ಕೆ ಇಲ್ಲ. ಬಿಡಿ ಅಕ್ಕಿಗೂ ಇಲ್ಲ. ಮಾರುಕಟ್ಟೆಯಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿದ್ದು ಇದಾದ ಮೇಲೆ.

ಇಷ್ಟೇ ಆದರೆ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬಹುದಿತ್ತು. ಆದರೆ ಈಗ ನೋಡಿ. ಹತ್ತು ಕೆಜಿಯ ಹತ್ತು ಪ್ಯಾಕೆಟ್ಟುಗಳನ್ನು ಒಂದೇ ದೊಡ್ಡ ಚೀಲಕ್ಕೆ ತುಂಬಿ ಹೊಲಿದಿದ್ದಾರೆ. ಕಾಟಾ ಮೇಲೆ ನೂರು ಕೆಜಿ ತೋರಿಸುತ್ತದೆ. ಹುಡುಗಿ ನೂರು ನೋಡಿ, ಇಪ್ಪತ್ತೈದಕ್ಕಿಂತ ಜಾಸ್ತಿ ಅಂತ ತೆರಿಗೆ ಇಲ್ಲದೆ ಬಿಲ್ ಹಾಕುತ್ತಾಳೆ. ತಪ್ಪು. ಒಳಗಿನ ಒಂದೊಂದು ಪ್ಯಾಕೆಟ್ಟೂ ಅಂಗಡಿಯಲ್ಲಿ ಹಾಗೇ ಮಾರಾಟ ಆಗುವಂಥದ್ದು, ಹಾಗಾಗಿ ತೆರಿಗೆ ಬರುತ್ತದೆ. ಹಿರಿಯ ಗುಮಾಸ್ತರಿಗೆ ಇದು ಗೊತ್ತು. ಅವರು ಚೀಲ ಮುಟ್ಟಿ ನೋಡಿಯೇ ಹೇಳುತ್ತಾರೆ.

ಸಿಸ್ಟಂನಲ್ಲಿ ಇದು ಹೀಗೆ ನಡೆಯುತ್ತದೆ. ಮೊದಲ ಪ್ರಶ್ನೆ: "ಚೀಲದ ಒಳಗೆ ಬೇರೆ ಪ್ಯಾಕೆಟ್ ಇವೆಯಾ?" ಹೌದು ಅಂದರೆ: "ಒಂದು ಪ್ಯಾಕೆಟ್ಟಿನ ತೂಕ ಎಷ್ಟು?" ಆಮೇಲೆ: "ಲೇಬಲ್ ಇದೆಯಾ?" ಆಮೇಲೆ: "ಅಂಗಡಿಗೆ ಹೋಗುತ್ತದಾ, ಇಲ್ಲ ಹಾಸ್ಟೆಲ್ಲು ಹೋಟೆಲ್ಲಿನವರ ಸ್ವಂತ ಬಳಕೆಗಾ?" ಈ ಕೊನೆಯದಕ್ಕೆ "ಸ್ವಂತ ಬಳಕೆಗೆ" ಅಂತ ಉತ್ತರ ಬಂದರೆ ನಾವು ಕಟ್ಟಿದ ಸಿಸ್ಟಂ ತೀರ್ಮಾನ ಕೊಡುವುದಿಲ್ಲ. ಸಂಸ್ಥೆಗಳಿಗೆ ನೇರವಾಗಿ ಹೋಗುವ ಪ್ಯಾಕೇಜಿನ ಲೆಕ್ಕ ಬೇರೆ, ಅದರ ಷರತ್ತುಗಳೂ ಬೇರೆ. ಅಲ್ಲಿ ನಿಂತು "ಇದನ್ನು ಲೆಕ್ಕದ ಮುಖ್ಯಸ್ಥರಿಗೆ ತೋರಿಸಿ" ಅನ್ನುತ್ತದೆ. ಗೊತ್ತಿಲ್ಲದ ಕಡೆ ನಿಲ್ಲುವುದನ್ನೂ ನಿಯಮವಾಗಿಯೇ ಬರೆಯಬೇಕು.

ತೆರಿಗೆ ಗೊತ್ತಾಯಿತು. ಮುಂದೆ ಲಾರಿ. ತೆರಿಗೆ ಬರುವ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ. ಒಂದೇ ಲಾರಿಯಲ್ಲಿ 25 ಕೆಜಿ ಚೀಲವೂ 26 ಕೆಜಿ ಚೀಲವೂ ಇದ್ದರೆ? ಒಂದೇ ಬಿಲ್ಲಿನಲ್ಲಿ ಇದ್ದರೂ ತೆರಿಗೆ ಇಲ್ಲದ ಸರಕಿನ ಬೆಲೆಯನ್ನು ಈ ಲೆಕ್ಕದಿಂದ ಬಿಡಬೇಕು. ಇ-ವೇ ಬಿಲ್ಲಿನ ಅವಧಿ ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ. ಬೆಂಗಳೂರು ಇಲ್ಲಿಂದ 200 ಕಿಲೋಮೀಟರಿಗಿಂತ ಜಾಸ್ತಿ, 400ಕ್ಕಿಂತ ಕಡಿಮೆ. ಅಂದರೆ ಎರಡು ದಿನ. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಗಾಡಿಗೆ ಹಾಕಿದರೆ ಹೊಸ ಗಾಡಿ ನಂಬರ್ ಸೇರಿಸಬೇಕು. ಇವೆಲ್ಲ ಒಂದೊಂದೂ ಸಣ್ಣ ವಿಷಯ. ರಾತ್ರಿ ಒಂಬತ್ತು ಗಂಟೆಗೆ ಡ್ರೈವರ್ ಬಾಗಿಲಲ್ಲಿ ನಿಂತು "ಮೇಡಂ, ಬೇಗ ಕೊಡ್ರಿ" ಅನ್ನುವಾಗ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಕಷ್ಟ.

ಪ್ರತಿ ಹೆಜ್ಜೆಗೂ ಪಕ್ಕದಲ್ಲಿ "ಯಾಕೆ?" ಅನ್ನುವ ಗುಂಡಿ ಇರುತ್ತದೆ. ಒತ್ತಿದರೆ ಯಾವ ನಿಯಮ, ಯಾವ ದಿನದಿಂದ, ನಮ್ಮ ಕಚೇರಿಯಲ್ಲಿ ಅದನ್ನು ಬರೆದವರು ಯಾರು ಅಂತ ಎರಡು ಸಾಲು.

ಈ ನಿಯಮಗಳನ್ನ ಎಲ್ಲಿಂದ ತರೋದು?

ಕಷ್ಟ ಇರುವುದೇ ಇಲ್ಲಿ. ಕಾಯ್ದೆಯ ಭಾಗ ಅಧಿಸೂಚನೆಯಲ್ಲಿ ಸಿಗುತ್ತದೆ. ಕಚೇರಿಯ ಭಾಗ ಮನುಷ್ಯರ ತಲೆಯಲ್ಲಿ ಇರುತ್ತದೆ. ಪರಿಣತರ ತಲೆಯಿಂದ ತಿಳಿವಳಿಕೆ ಹೊರಗೆ ತೆಗೆಯುವುದೇ ಇಡೀ ಕೆಲಸದ ಇಕ್ಕಟ್ಟಾದ ಜಾಗ ಅಂತ ಫೈಗನ್‌ಬಾಮ್ 1970ರ ದಶಕದಲ್ಲೇ ಹೇಳಿದ್ದರು. ನನ್ನ ಅನುಭವವೂ ಅದೇ.

ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತವರ ಹತ್ತಿರ ಹೋಗಿ "ನೀವು ಹೇಗೆ ಮಾಡ್ತೀರಿ, ಹೇಳಿ ಸಾರ್" ಅಂದರೆ ಏನೂ ಸಿಗುವುದಿಲ್ಲ. "ಏನಿದೆ ಅದರಲ್ಲಿ, ನೋಡಿದ್ರೆ ಗೊತ್ತಾಗುತ್ತೆ" ಅನ್ನುತ್ತಾರೆ. ಅವರು ಮುಚ್ಚಿಡುತ್ತಿಲ್ಲ. ನಿಜವಾಗಿಯೂ ಅವರಿಗೆ ಅದು ನೋಡಿದರೆ ಗೊತ್ತಾಗುತ್ತದೆ.

ಹಾಗಾಗಿ ಕೇಳುವ ರೀತಿ ಬದಲಾಯಿಸಬೇಕು. ಅವರು ವಾಪಸ್ ಕಳಿಸಿದ ಬಿಲ್ಲುಗಳನ್ನೇ ಒಂದು ಕಟ್ಟು ತೆಗೆದುಕೊಂಡು ಹೋಗಿ. ಒಂದೊಂದೇ ಮುಂದೆ ಇಡಿ. "ಇದನ್ನ ಯಾಕೆ ವಾಪಸ್ ಕಳಿಸಿದ್ರಿ?" ಈಗ ಬಾಯಿ ಬಿಡುತ್ತಾರೆ. "ಈ ಪಾರ್ಟಿ ಪ್ರತಿ ಸಲ ತೂಕದ ಚೀಟಿಯ ಮೂಲ ಪ್ರತಿ ಇಟ್ಕೊಂಡು ಜೆರಾಕ್ಸ್ ಕಳಿಸ್ತಾನೆ." "ಇಲ್ಲಿ ನೋಡ್ರಿ, ಖಾಲಿ ಲಾರಿ ತೂಕದ ಹೊತ್ತು, ತುಂಬಿದ ಲಾರಿ ತೂಕದ ಹೊತ್ತು, ಎರಡರ ನಡುವೆ ಐದೇ ನಿಮಿಷ. ಅಷ್ಟರಲ್ಲಿ ಲಾರಿ ತುಂಬೋಕಾಗುತ್ತಾ?" ಈ ಎರಡನೆಯದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಎಂಥ ನಿಯಮ ನೋಡಿ. ಕಂಪ್ಯೂಟರ್ ಎರಡು ಸಮಯ ಕಳೆದು ನೋಡಿದರೆ ಸಾಕು.

ಇನ್ನೊಂದು ದಾರಿ ಇದೆ. ಅವರು ಎರಡು ದಿನ ರಜೆ ಹಾಕಿದಾಗ ಕಚೇರಿಯವರು ಅವರಿಗೆ ಫೋನ್ ಮಾಡಿ ಏನೇನು ಕೇಳುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ಆ ಪಟ್ಟಿಯೇ ನಿಮ್ಮ ನಾಲೆಡ್ಜ್ ಬೇಸಿನ ಮೊದಲ ಅಧ್ಯಾಯ.

ಹಿರಿಯರು ಹೇಳಿಕೊಡಲು ಒಪ್ಪದೇ ಇದ್ದರೆ?

ಅವರ ಭಯಕ್ಕೆ ಕಾರಣ ಇದೆ. ಗೊತ್ತಿರುವುದನ್ನೆಲ್ಲ ಬರೆಸಿಕೊಂಡು ಆಮೇಲೆ ಕೈಬಿಡುತ್ತಾರೆ ಅಂತ. ಸಾಹುಕಾರರು ಇದಕ್ಕೆ ಬಾಯಿಮಾತಿನ ಭರವಸೆ ಕೊಟ್ಟರೆ ಸಾಲದು. ಆ ನಿಯಮಗಳ ಉಸ್ತುವಾರಿಯನ್ನೇ ಅವರಿಗೆ ಕೊಡಿ, ಅದಕ್ಕೆ ಸಂಬಳದಲ್ಲಿ ಬೆಲೆ ಕೊಡಿ. ಪ್ರತಿ ನಿಯಮದ ಕೆಳಗೆ ಅವರ ಹೆಸರು ಕಾಣಲಿ. ಅವರ ಒಪ್ಪಿಗೆ ಇಲ್ಲದೆ ಯಾವುದೂ ಬದಲಾಗಬಾರದು. ತಿಳಿವಳಿಕೆ ಅವರದ್ದು, ಗೌರವವೂ ಅವರಿಗೇ ಸಲ್ಲಬೇಕು. ಇದನ್ನು ಮಾಡದೆ ಬರೀ ವಿಡಿಯೋ ಮಾಡಿಕೊಂಡು ಹೋಗುವ ಕಚೇರಿಗಳನ್ನು ಕಂಡರೆ ನನಗೆ ಬೇಸರ ಆಗುತ್ತದೆ.

ಯಾವ ಕೆಲಸಕ್ಕೆ ಇದು ಹೊಂದುವುದಿಲ್ಲ?

ಕೈ, ಕಣ್ಣು, ಮೂಗು ತೀರ್ಮಾನ ಮಾಡುವ ಕೆಲಸಕ್ಕೆ. ಯಾರ್ಡಿನಲ್ಲಿ ಮೆಕ್ಕೆಜೋಳದ ರಾಶಿಗೆ ಕೈ ಹಾಕಿ, ಒಂದು ಕಾಳು ಹಲ್ಲಲ್ಲಿ ಕಚ್ಚಿ, ಇನ್ನೂ ಹಸಿ ಇದೆ ಅನ್ನುವವರ ಜಾಗಕ್ಕೆ ನಿಯಮ ಬರೆಯಲು ಹೋಗಬೇಡಿ. ತೇವಾಂಶ ಅಳೆಯುವ ಮೀಟರ್ ಇದೆ, ಅದರಲ್ಲಿ ಬಂದ ಅಂಕಿ ಸಿಸ್ಟಂಗೆ ಹೋಗಲಿ. ಬೆಂಬಲ ಬೆಲೆ ಖರೀದಿಗೆ ಮೆಕ್ಕೆಜೋಳದ ತೇವಾಂಶದ ಮಿತಿ 14%. ಆ ಗಡಿ ದಾಟಿದೆಯೋ ಇಲ್ಲವೋ ಅಂತ ಸಿಸ್ಟಂ ಹೇಳುತ್ತದೆ. ರಾಶಿಯ ಯಾವ ಮೂಲೆಯಿಂದ ಕಾಳು ತೆಗೆಯಬೇಕು ಅನ್ನುವುದು ಮನುಷ್ಯರಿಗೇ ಗೊತ್ತು.

ವ್ಯಾಪಾರದ ನಂಬಿಕೆಯ ವಿಷಯವೂ ಹಾಗೇ. ಯಾರಿಗೆ ಉದ್ರಿ ಕೊಡಬೇಕು ಅನ್ನುವುದನ್ನು ಪೂರ್ತಿ ನಿಯಮಕ್ಕೆ ಬಿಡಬೇಡಿ. ಮಿತಿ ದಾಟಿದೆ ಅಂತ ಎಚ್ಚರಿಸಲಿ, ಸಾಕು.

ಚಾಟ್‌ಜಿಪಿಟಿ ಥರದ್ದನ್ನೇ ಕೇಳಿದರೆ ಸಾಲದಾ?

ಈ ಪ್ರಶ್ನೆ ಈಗ ಎಲ್ಲಕ್ಕಿಂತ ಜಾಸ್ತಿ ಬರುತ್ತಿದೆ. ಅವು ಚೆನ್ನಾಗಿ ಮಾತಾಡುತ್ತವೆ, ಕನ್ನಡದಲ್ಲೂ ಮಾತಾಡುತ್ತವೆ. ಆದರೆ ಅವು ನಿಮ್ಮ ನಿಯಮ ಓದಿ ತೀರ್ಮಾನ ಮಾಡುವ ಯಂತ್ರಗಳಲ್ಲ. ಮುಂದೆ ಯಾವ ಪದ ಬರುವ ಸಾಧ್ಯತೆ ಇದೆ ಅಂತ ಅಂದಾಜು ಮಾಡುತ್ತಾ ಉತ್ತರ ಕಟ್ಟುತ್ತವೆ. ಬಹಳ ಸಲ ಸರಿ ಇರುತ್ತದೆ. ತಪ್ಪಾದಾಗಲೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಒಂದೇ ಪ್ರಶ್ನೆಗೆ ಇವತ್ತೊಂದು ಉತ್ತರ, ನಾಳೆ ಇನ್ನೊಂದು ಬರಬಹುದು. ಬಿಲ್ಲಿಂಗ್ ಟೇಬಲ್ಲಿನಲ್ಲಿ ಅದು ನಡೆಯುವುದಿಲ್ಲ.

ಹಾಗಂತ ಬಿಸಾಡಬೇಡಿ. ಹಳೆಯ ಸುತ್ತೋಲೆ, ಪತ್ರಗಳ ರಾಶಿಯಿಂದ ಬೇಕಾದ್ದನ್ನು ಹುಡುಕಲು, ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ನಿಯಮದ ಮೊದಲ ಕರಡು ಮಾಡಲು ತುಂಬಾ ಉಪಯೋಗ. ಗುಮಾಸ್ತರು ಮಾತಿನಲ್ಲಿ ಕೇಳಿದ್ದನ್ನು ಅರ್ಥ ಮಾಡಿಕೊಂಡು ಸರಿಯಾದ ಪ್ರಶ್ನಾವಳಿಗೆ ಕರೆದುಕೊಂಡು ಹೋಗಲೂ ಬಳಸಬಹುದು. ತೆರಿಗೆ ಎಷ್ಟು, ಸಹಿ ಯಾರದ್ದು ಅನ್ನುವ ತೀರ್ಮಾನ ಮಾತ್ರ ಬರೆದಿಟ್ಟ ನಿಯಮದಿಂದಲೇ ಬರಲಿ.

ಯಾವ ಸಾಫ್ಟ್‌ವೇರ್ ಬೇಕು?

ಮೊದಲು ಎಕ್ಸೆಲ್ ಸಾಕು. ನಿಜವಾಗಿ ಹೇಳುತ್ತಿದ್ದೇನೆ. ಎಡಗಡೆ ಷರತ್ತುಗಳು, ಬಲಗಡೆ ತೀರ್ಮಾನ, ಒಂದು ಸಾಲಿಗೆ ಒಂದು ನಿಯಮ. ಈ ಬಗೆಯ ಕೋಷ್ಟಕವನ್ನು ಎಲ್ಲರೂ ಒಂದೇ ರೀತಿ ಬರೆಯಲಿ ಅಂತ ಒಎಂಜಿ ಸಂಸ್ಥೆ ಡಿಎಂಎನ್ ಅನ್ನುವ ಮಾನದಂಡ ಮಾಡಿದೆ. ಕೆಲಸದ ಹಂತಗಳ ಚಿತ್ರ ಬರೆಯಲು ಅದೇ ಸಂಸ್ಥೆಯ ಬಿಪಿಎಂಎನ್ ಇದೆ. ಕೋಷ್ಟಕ ಗಟ್ಟಿಯಾದ ಮೇಲೆ ನಿಯಮ ನಡೆಸುವ ಡ್ರೂಲ್ಸ್‌ನಂಥ ಮುಕ್ತ ತಂತ್ರಾಂಶಕ್ಕೆ ಹಾಕಬಹುದು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹುಡುಗರಿಗೆ ಅದು ದೊಡ್ಡ ಕೆಲಸ ಅಲ್ಲ.

ಕನ್ನಡದಲ್ಲಿ ಮಾಡಬಹುದಾ?

ಮಾಡಲೇಬೇಕು. ಯೂನಿಕೋಡ್ ಕನ್ನಡಕ್ಕೆ ಯಾವ ತೊಂದರೆಯೂ ಇಲ್ಲ. ನಿಮ್ಮ ಕಚೇರಿಯಲ್ಲಿ ಕಾಟಾ ಚೀಟಿ ಅನ್ನುತ್ತಾರಾ, ಪರದೆಯ ಮೇಲೂ ಅದೇ ಇರಲಿ. ನಿಘಂಟಿನ ಪದ ಹಾಕಿದರೆ ಯಾರೂ ಓದುವುದಿಲ್ಲ.

ನಿಯಮ ಬದಲಾದರೆ ಏನು ಮಾಡುವುದು?

ಬದಲಾಗಿಯೇ ಆಗುತ್ತದೆ. ಎಕ್ಸ್‌ಕಾನ್ ಕೂಡ ಬೆಳೆದು ಸಾವಿರಗಟ್ಟಲೆ ನಿಯಮ ಆಯಿತು, ಅವನ್ನು ತಿದ್ದುತ್ತಾ ಇರುವುದೇ ಒಂದು ದೊಡ್ಡ ಕೆಲಸ ಆಯಿತು. ಕಟ್ಟುವ ಖರ್ಚು ಒಮ್ಮೆ, ನೋಡಿಕೊಳ್ಳುವ ಖರ್ಚು ಯಾವತ್ತೂ. ಇದನ್ನು ಮೊದಲೇ ಒಪ್ಪಿಕೊಳ್ಳದ ಕಚೇರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಒಂದು ವಿಷಯ ಗಮನಿಸಿ. ಹಳೆಯ ನಿಯಮವನ್ನು ಅಳಿಸಬಾರದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಬಟ್ಟೆ ವ್ಯಾಪಾರದಲ್ಲಿ ಇರುವವರಿಗೆ ನೆನಪಿರುತ್ತದೆ. 1,800 ರೂಪಾಯಿಯ ಸಿದ್ಧ ಉಡುಪಿಗೆ ಅದಕ್ಕೆ ಮೊದಲು 12%. ಅವತ್ತಿನಿಂದ 2,500 ರೂಪಾಯಿವರೆಗಿನದಕ್ಕೆ 5%, ಅದರ ಮೇಲಿನದಕ್ಕೆ 18%. ಈಗ ಯೋಚಿಸಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಮಾರಿದ ಉಡುಪು ಅಕ್ಟೋಬರಿನಲ್ಲಿ ವಾಪಸ್ ಬರುತ್ತದೆ. ಕ್ರೆಡಿಟ್ ನೋಟ್ ಯಾವ ದರದಲ್ಲಿ? ಮಾರಿದ ದಿನದ ದರದಲ್ಲೇ. ಸಿಸ್ಟಂನಲ್ಲಿ ಹಳೆಯ ಸಾಲನ್ನು ಅಳಿಸಿದ್ದರೆ ಅದು ಹೊಸ ದರ ಹೇಳುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ. ಹಾಗಾಗಿ ಪ್ರತಿ ನಿಯಮಕ್ಕೂ "ಯಾವತ್ತಿನಿಂದ", "ಯಾವತ್ತಿನವರೆಗೆ" ಅನ್ನುವ ಎರಡು ಕಾಲಂ ಇರಲೇಬೇಕು.

ಸಿಸ್ಟಂ ಹೇಳಿದ್ದು ತಪ್ಪು ಅನಿಸಿದರೆ ಮೀರಿ ಹೋಗಬಹುದಾ?

ಹೋಗುವಂತೆ ಇರಬೇಕು. ಮೀರುವ ದಾರಿ ಮುಚ್ಚಿದರೆ ಜನ ಸುಳ್ಳು ಉತ್ತರ ತುಂಬಿ ಮುಂದೆ ಹೋಗುತ್ತಾರೆ. ಅದು ಇನ್ನೂ ಕೆಟ್ಟದ್ದು. "ಬೇರೆ ರೀತಿ ಮಾಡುತ್ತೇನೆ" ಅನ್ನುವ ಗುಂಡಿ ಕೊಡಿ. ಒತ್ತಿದರೆ ಒಂದು ಸಾಲು ಕಾರಣ ಬರೆಯಬೇಕು. ತಿಂಗಳ ಕೊನೆಗೆ ಆ ಕಾರಣಗಳನ್ನೆಲ್ಲ ಒಟ್ಟಿಗೆ ಓದಿ. ಒಂದೇ ಕಡೆ ಪದೇ ಪದೇ ಮೀರಿದ್ದರೆ ಅಲ್ಲಿ ನಿಯಮ ಸರಿ ಇಲ್ಲ ಅಂತ ಅರ್ಥ. ಗುಮಾಸ್ತರನ್ನು ಬೈಯುವ ಮೊದಲು ನಿಯಮ ನೋಡಿ.

ತಪ್ಪಾದರೆ ಹೊಣೆ ಯಾರದ್ದು?

ನಿಯಮ ತಪ್ಪಾಗಿದ್ದರೆ ಅದನ್ನು ಒಪ್ಪಿ ಸೇರಿಸಿದವರದ್ದು, ಉತ್ತರ ತಪ್ಪಾಗಿ ಕೊಟ್ಟಿದ್ದರೆ ಕೊಟ್ಟವರದ್ದು. ಹೊರಗಿನವರ ಮುಂದೆ ಮಾತ್ರ ಯಾವತ್ತೂ ಕಚೇರಿಯದ್ದೇ. "ಕಂಪ್ಯೂಟರ್ ಹೇಳ್ತು" ಅನ್ನುವ ಉತ್ತರವನ್ನು ತೆರಿಗೆ ಇಲಾಖೆ ಕೇಳುವುದಿಲ್ಲ.

ಸರ್ಕಾರಿ ಕಚೇರಿಗೂ ಆಗುತ್ತದಾ?

ಚೆನ್ನಾಗಿ ಆಗುತ್ತದೆ, ಯಾಕೆಂದರೆ ಅಲ್ಲಿ ನಿಯಮ ಮೊದಲೇ ಬರೆದಿದೆ. ಕರ್ನಾಟಕದ ಸಕಾಲ ಕಾಯ್ದೆ 2011ರದ್ದು, ಜಾರಿಗೆ ಬಂದದ್ದು 2012ರಲ್ಲಿ. ಒಂದೊಂದು ಸೇವೆಗೂ ಇಷ್ಟೇ ದಿನ ಅಂತ ಗಡುವು ಇದೆ. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಗಡುವು ಗೊತ್ತಿರುವ ಕಡೆ, ಯಾವ ಫೈಲ್ ಯಾವ ಟೇಬಲ್ಲಿನಲ್ಲಿ ಯಾವ ಕಾಗದಕ್ಕಾಗಿ ನಿಂತಿದೆ ಅಂತ ಕೇಸ್ ವರ್ಕರಿಗೆ ಬೆಳಿಗ್ಗೆಯೇ ಹೇಳುವ ಸಿಸ್ಟಂ ಇದ್ದರೆ ಬಹಳ ಅನುಕೂಲ. ಅರ್ಜಿ ತಗೊಳ್ಳುವಾಗಲೇ ಎಲ್ಲ ದಾಖಲೆ ಕೇಳಿಬಿಡಬಹುದು. ಜಗಳೂರಿನಿಂದ ಬಸ್ಸಿನಲ್ಲಿ ಬಂದ ಅಜ್ಜಿಯನ್ನು ಇನ್ನೊಂದು ಜೆರಾಕ್ಸಿಗಾಗಿ ಇನ್ನೊಂದು ದಿನ ಬರಲು ಹೇಳುವುದು ಅನ್ಯಾಯ ಅಲ್ವಾ?

ಖಾಸಗಿ ಕಚೇರಿಯಲ್ಲಿ ಅಂಥ ಗಡುವು ಏನಿದೆ?

ಒಂದು ಹೇಳುತ್ತೇನೆ, ಬಹಳ ಜನ ಮರೆಯುತ್ತಾರೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದರೆ, ಬರಹದ ಒಪ್ಪಂದ ಇಲ್ಲದಿದ್ದಾಗ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಹರಿಹರದ ಸಣ್ಣ ವರ್ಕ್‌ಶಾಪಿನಿಂದ ಬಿಡಿಭಾಗ ತರಿಸುತ್ತೀರಾ? ಬಿಲ್ ನಮೂದು ಮಾಡುವಾಗಲೇ ಸಿಸ್ಟಂ "ಉದ್ಯಮ್ ನೋಂದಣಿ ಇದೆಯಾ, ಒಪ್ಪಂದ ಇದೆಯಾ" ಅಂತ ಕೇಳಿ ಕೊನೆಯ ದಿನ ಗುರುತು ಹಾಕಿಡಲಿ.

ಹೊಸಬರು ಯೋಚನೆ ಮಾಡುವುದನ್ನೇ ಬಿಡುತ್ತಾರೆ, ಅಲ್ವಾ?

"ಯಾಕೆ" ಗುಂಡಿ ಇಲ್ಲದಿದ್ದರೆ ಖಂಡಿತ ಬಿಡುತ್ತಾರೆ. ಹೌದು, ಇಲ್ಲ, ಮುಂದೆ, ಮುಂದೆ ಅಂತ ಒತ್ತುತ್ತಾ ವರ್ಷ ಕಳೆದರೂ ಏನೂ ಕಲಿತಿರುವುದಿಲ್ಲ. ಕಾರಣ ಕಾಣುವಂತೆ ಇಟ್ಟರೆ ಅದೇ ಸಿಸ್ಟಂ ಗುರುವಾಗುತ್ತದೆ. ಆರು ತಿಂಗಳಾದ ಮೇಲೆ ಆ ಹುಡುಗಿಗೆ ಪ್ರಶ್ನೆ ಬರುವ ಮೊದಲೇ ಉತ್ತರ ಗೊತ್ತಿರುತ್ತದೆ. ಆಗ ಅವಳಿಗೆ ಸಣ್ಣ ದಾರಿ ಕೊಡಿ. ನುರಿತವರನ್ನೂ ಹತ್ತು ಪ್ರಶ್ನೆಯ ಮೂಲಕ ಎಳೆದಾಡಿದರೆ ಅವರು ಸಿಸ್ಟಂ ಮುಚ್ಚಿಟ್ಟು ಮೊದಲಿನ ಹಾಗೇ ಮಾಡುತ್ತಾರೆ. ನಾನು ಕಂಡ ಹಾಗೆ ಇಂಥ ಸಿಸ್ಟಂಗಳು ಮೂಲೆ ಸೇರಲು ಇದು ದೊಡ್ಡ ಕಾರಣ.

ಗ್ರಾಹಕರ ಮಾಹಿತಿಯ ವಿಷಯ?

2023ರಲ್ಲಿ ದತ್ತಾಂಶ ಸಂರಕ್ಷಣೆಗೆ ಕೇಂದ್ರದ ಕಾಯ್ದೆ ಬಂದಿದೆ. ನಿಯಮಕ್ಕೆ ಬೇಕಾದಷ್ಟನ್ನೇ ಕೇಳಿ. ಆಧಾರ್ ನಂಬರ್ ಸುಮ್ನೆ ತಗೊಂಡು ಇಟ್ಟುಕೊಳ್ಳಬೇಡಿ.

ನಾಳೆಯೇ ಶುರು ಮಾಡಬೇಕು ಅಂದರೆ?

ದಿನಾ ನಡೆಯುವ, ಆಗಾಗ ತಪ್ಪಾಗುವ, ತಪ್ಪಾದರೆ ದುಡ್ಡು ಹೋಗುವ ಒಂದೇ ಒಂದು ಕೆಲಸ ಆರಿಸಿ. ಸಾಲದ ಅರ್ಜಿ ಪರಿಶೀಲನೆ ಇರಬಹುದು, ಲಾರಿ ಬಿಲ್ಲು ಇರಬಹುದು. ಕಳೆದ ತಿಂಗಳು ಅದರಲ್ಲಿ ಎಷ್ಟು ವಾಪಸ್ ಬಂದವು ಅಂತ ಈಗಲೇ ಎಣಿಸಿಟ್ಟುಕೊಳ್ಳಿ, ಆಮೇಲೆ ಹೋಲಿಸಲು ಬೇಕಾಗುತ್ತದೆ. ವಾಪಸ್ ಬಂದ ಕಾಗದಗಳನ್ನು ಹಿರಿಯರ ಮುಂದೆ ಇಟ್ಟು ಕಾರಣ ಬರೆದುಕೊಳ್ಳಿ. ಎಕ್ಸೆಲ್ಲಿನಲ್ಲಿ ಕೋಷ್ಟಕ ಮಾಡಿ. ಆಮೇಲೆ ಹಳೆಯ ಬಿಲ್ಲುಗಳನ್ನೇ ಒಂದೊಂದಾಗಿ ಆ ಕೋಷ್ಟಕದಲ್ಲಿ ಹಾಯಿಸಿ, ಹಿರಿಯರ ತೀರ್ಮಾನಕ್ಕೂ ಕೋಷ್ಟಕದ ತೀರ್ಮಾನಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೆ ನೋಡಿ. ವ್ಯತ್ಯಾಸ ಬಂದ ಪ್ರತಿ ಕಡೆಯೂ ಒಂದು ಹೊಸ ನಿಯಮ ಸಿಗುತ್ತದೆ. ವ್ಯತ್ಯಾಸ ಬರುವುದು ನಿಲ್ಲುವವರೆಗೆ ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.